ಅಂಕಿಗಳನ್ನು ಹೇಳಿಸಿ ಅಳೆಯುವುದು ಏನನ್ನು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇರುವುದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪತ್ರಗಳಲ್ಲಿ 'ವರ್ಕಿಂಗ್ ಮೆಮೊರಿ' ಎಂದು ಬಂದಿರುವುದನ್ನು ನಾನು ಉತ್ತರದ ಉದ್ದಕ್ಕೂ ಕಾರ್ಯಸ್ಮೃತಿ ಎಂದು ಕರೆಯುತ್ತೇನೆ.

ಪ್ರಶ್ನೆ: ನನ್ನ ಮಗ ನಾಲ್ಕನೆಯ ತರಗತಿಯಲ್ಲಿದ್ದಾನೆ. ಇಪ್ಪತ್ತರವರೆಗಿನ ಮಗ್ಗಿಯನ್ನು ತಡೆಯಿಲ್ಲದೆ ಒಪ್ಪಿಸುತ್ತಾನೆ. ಆದರೆ ಉಕ್ತಲೇಖನ ಕೊಟ್ಟರೆ ವಾಕ್ಯದ ಅರ್ಧವನ್ನು ಬರೆದು ಉಳಿದದ್ದನ್ನು ಮರೆಯುತ್ತಾನೆ. ಒಳಗೆ ಹೋಗಿ ಚೀಲದಿಂದ ಡೈರಿ ತೆಗೆದುಕೊಂಡು ಬರುವಾಗ ಅಜ್ಜಿಯ ಕನ್ನಡಕವನ್ನೂ ತಾ ಎಂದರೆ ಕೈ ಬೀಸಿಕೊಂಡು ಬರುತ್ತಾನೆ. ಶಾಲೆಯವರ ಸಲಹೆಯಂತೆ ಮನಶ್ಶಾಸ್ತ್ರಜ್ಞರ ಬಳಿ ಕರೆದೊಯ್ದೆವು. ಅವರು ಬೇರೆ ಪರೀಕ್ಷೆಗಳ ನಡುವೆ ಕೆಲವು ಅಂಕಿಗಳನ್ನು ಓದಿ ಅವನಿಂದ ಹೇಳಿಸಿದರು, ಆಮೇಲೆ ತಿರುಗುಮುರುಗಾಗಿ ಹೇಳಿಸಿದರು. ವರದಿಯಲ್ಲಿ 'ವರ್ಕಿಂಗ್ ಮೆಮೊರಿ ಕಡಿಮೆ' ಎಂದಿದೆ. ಐದು ನಿಮಿಷ ಅಂಕಿ ಹೇಳಿಸಿದರೆ ಇಷ್ಟು ದೊಡ್ಡ ಮಾತನ್ನು ಹೇಳಬಹುದೇ? ಮಗ್ಗಿ ಬರುವ ಮಗುವಿಗೆ ನೆನಪು ಕಡಿಮೆ ಎಂದರೆ ಏನರ್ಥ? ಅವನಿಗೆ ಬುದ್ಧಿ ಕಡಿಮೆಯೇ?
— ಒಬ್ಬ ತಾಯಿ, ಹಾಸನ

ಉತ್ತರ: ನಿಮ್ಮ ಪತ್ರದಲ್ಲಿಯೇ ಉತ್ತರದ ಒಂದು ಭಾಗವಿದೆ. ಮಗ್ಗಿಯು ನಿಮ್ಮ ಮಗನಲ್ಲಿ ಹಲವು ತಿಂಗಳುಗಳ ಪಾಠದಿಂದ ಬೇರೂರಿದ ನೆನಪು. ಅದನ್ನು ಒಪ್ಪಿಸುವಾಗ ಒಂದು ಸಾಲು ಮುಂದಿನ ಸಾಲನ್ನು ತಾನಾಗಿಯೇ ಎಳೆದು ತರುತ್ತದೆ. ಉಕ್ತಲೇಖನ ಹಾಗಲ್ಲ. ಟೀಚರು ಹೇಳಿದ ವಾಕ್ಯವನ್ನು ಮಗು ಆ ಕ್ಷಣದಲ್ಲಿ ಮನಸ್ಸಿನಲ್ಲಿ ಹಿಡಿದುಕೊಳ್ಳಬೇಕು, ಹಿಡಿದುಕೊಂಡೇ ಮೊದಲ ಪದದ ಒತ್ತಕ್ಷರ ಯಾವುದೆಂದು ಯೋಚಿಸಬೇಕು, ಬರೆಯಬೇಕು, ಮತ್ತೆ ವಾಕ್ಯದ ಉಳಿದ ಭಾಗಕ್ಕೆ ಮರಳಬೇಕು. ಹೀಗೆ ಒಂದು ಕೆಲಸ ನಡೆಯುತ್ತಿರುವಾಗಲೇ ಅದಕ್ಕೆ ಬೇಕಾದುದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನೇ ಮನಶ್ಶಾಸ್ತ್ರದಲ್ಲಿ ಕಾರ್ಯಸ್ಮೃತಿ ಎನ್ನುತ್ತಾರೆ. ಬಾಯಿಲೆಕ್ಕದಲ್ಲಿ ದಶಕವನ್ನು ನೆನಪಿಟ್ಟುಕೊಂಡು ಮುಂದಿನ ಸ್ಥಾನವನ್ನು ಕೂಡುವುದು ಇದರ ಶುದ್ಧ ಉದಾಹರಣೆ. ಆದ್ದರಿಂದ ಮಗ್ಗಿ ಚೆನ್ನಾಗಿ ಬಂದು ಉಕ್ತಲೇಖನ ಕೈಕೊಡುವುದರಲ್ಲಿ ವಿರೋಧವೇನೂ ಇಲ್ಲ. ಅವು ಎರಡು ಬೇರೆ ಬೇರೆ ಶಕ್ತಿಗಳು.

ಇನ್ನು ಅಂಕಿಗಳ ವಿಷಯ. ಅಂಕಿಗಳನ್ನು ಕೇಳಿಸಿ ಹಿಂದಿರುಗಿ ಹೇಳಿಸುವ ಕ್ರಮಕ್ಕೆ 'ಡಿಜಿಟ್ ಸ್ಪ್ಯಾನ್' ಎಂದು ಹೆಸರು, ಅಂಕಿವ್ಯಾಪ್ತಿ ಎನ್ನೋಣ. 1887ರಲ್ಲಿ ಲಂಡನ್ನಿನಲ್ಲಿ ಜೋಸೆಫ್ ಜೇಕಬ್ಸ್ ಎಂಬವರು ಶಾಲೆಯ ಹುಡುಗಿಯರಿಂದ ಹೀಗೆ ಅಂಕಿಗಳನ್ನು ಹೇಳಿಸಿ, ವಯಸ್ಸು ಏರಿದಂತೆ ಅವರು ಹಿಡಿದಿಡಬಲ್ಲ ಅಂಕಿಗಳ ಸಂಖ್ಯೆಯೂ ಏರುತ್ತದೆ ಎಂದು ತೋರಿಸಿದರು. ಮುಂದೆ ಇಂಗ್ಲಿಷ್ ಮತ್ತು ಭಾರತೀಯ ಜನಪದ ಕಥೆಗಳನ್ನು ಸಂಪಾದಿಸಿ ಹೆಸರಾದ ಜೇಕಬ್ಸ್ ಇವರೇ. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ತಮ್ಮ ಬುದ್ಧಿಮಾಪನದಲ್ಲಿ ಇದನ್ನು ಸೇರಿಸಿದರು. 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಧಾರವಾಡ ಸೀಮೆಯಲ್ಲಿ ಆ ಮಾಪನವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅಳವಡಿಸಿದಾಗ ಅಂಕಿ ಹೇಳಿಸುವ ಪ್ರಶ್ನೆಗಳು ಕನ್ನಡಕ್ಕೂ ಬಂದವು. 1939ರಲ್ಲಿ ಅಮೆರಿಕದ ಡೇವಿಡ್ ವೆಕ್ಸ್‌ಲರ್ ರಚಿಸಿದ ಮಾಪನದಲ್ಲಿಯೂ, ಮಕ್ಕಳಿಗಾಗಿ ಅದರಿಂದ ಬೆಳೆದ ಮಾಪನಗಳಲ್ಲಿಯೂ ಇದು ಇದೆ. ಇಷ್ಟು ಕಾಲ ಉಳಿದ ಪರೀಕ್ಷೆ ಮನಶ್ಶಾಸ್ತ್ರದಲ್ಲಿ ಅಪರೂಪ.

ನೋಡಲು ಸುಲಭವಾಗಿ ಕಂಡರೂ ಇದನ್ನು ಮಾಡಿಸುವುದರಲ್ಲಿ ಶಿಸ್ತು ಬೇಕು. ಪರೀಕ್ಷಕರು ಸೆಕೆಂಡಿಗೆ ಒಂದರಂತೆ, ಏರಿಳಿತವಿಲ್ಲದ ದನಿಯಲ್ಲಿ ಅಂಕಿಗಳನ್ನು ಓದಬೇಕು. ದೂರವಾಣಿ ಸಂಖ್ಯೆ ಹೇಳುವಂತೆ ಎರಡೆರಡನ್ನೋ ಮೂರುಮೂರನ್ನೋ ಕೂಡಿಸಿ ರಾಗವಾಗಿ ಹೇಳಿದರೆ ಮಗುವಿಗೆ ಗುಂಪುಗಳು ಸಿದ್ಧವಾಗಿಯೇ ಸಿಕ್ಕಿಬಿಡುತ್ತವೆ, ಅಂಕ ಏರಿಬಿಡುತ್ತದೆ. ಸರಣಿ ಎರಡು ಅಥವಾ ಮೂರು ಅಂಕಿಗಳಿಂದ ಆರಂಭವಾಗಿ ಒಂದೊಂದಾಗಿ ಉದ್ದವಾಗುತ್ತದೆ. ಪ್ರತಿ ಉದ್ದಕ್ಕೂ ಎರಡು ಅವಕಾಶಗಳಿರುತ್ತವೆ. ಎರಡರಲ್ಲಿಯೂ ತಪ್ಪಿದರೆ ಅಲ್ಲಿಗೆ ನಿಲ್ಲಿಸುತ್ತಾರೆ. ಅಂಕಿಗಳೆಲ್ಲ ಸರಿಯಿದ್ದು ಕ್ರಮ ತಪ್ಪಿದರೂ ಅದು ತಪ್ಪೇ.

ನೇರವಾಗಿ ಹೇಳುವುದಕ್ಕೂ ತಿರುಗುಮುರುಗಾಗಿ ಹೇಳುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ನೇರವಾಗಿ ಹೇಳುವಾಗ ಮಗು ಕೇಳಿದ್ದನ್ನು ಮನಸ್ಸಿನಲ್ಲಿಯೇ ಗುನುಗಿಕೊಂಡು ಬಾಯಿಗೆ ತಂದರೆ ಸಾಕು. ಅದು ಬಹುಮಟ್ಟಿಗೆ ಬರೀ ಹಿಡಿದಿಡುವ ಕೆಲಸ. 4–9–2–7 ಎಂಬುದನ್ನು 7–2–9–4 ಎಂದು ಹೇಳಬೇಕಾದಾಗ ಸರಣಿಯನ್ನು ಹಿಡಿದುಕೊಂಡೇ ಅದರ ಮೇಲೆ ಕೆಲಸ ಮಾಡಬೇಕು. ಅದಕ್ಕಾಗಿಯೇ ವಯಸ್ಕರಲ್ಲಿಯೂ ತಿರುಗುಮುರುಗಿನ ವ್ಯಾಪ್ತಿ ನೇರ ವ್ಯಾಪ್ತಿಗಿಂತ ಸಾಮಾನ್ಯವಾಗಿ ಒಂದೆರಡು ಅಂಕಿ ಕಡಿಮೆ. ನಿಮ್ಮ ಮಗನ ವರದಿಯಲ್ಲಿ ಇವೆರಡನ್ನೂ ಕೂಡಿಸಿ ಒಂದೇ ಅಂಕ ಕೊಟ್ಟಿದ್ದರೆ, ದಯವಿಟ್ಟು ಎರಡನ್ನೂ ಬೇರೆಬೇರೆಯಾಗಿ ತಿಳಿಸುವಂತೆ ಕೇಳಿ. ನೇರದಲ್ಲಿ ವಯಸ್ಸಿಗೆ ತಕ್ಕಷ್ಟು ಬಂದು ತಿರುಗುಮುರುಗಿನಲ್ಲಿ ಮಾತ್ರ ಇಳಿದಿದ್ದರೆ ಅದರ ಅರ್ಥ ಒಂದು. ಎರಡರಲ್ಲಿಯೂ ಇಳಿದಿದ್ದರೆ ಮಗುವಿಗೆ ಕಿವಿ ಸರಿಯಾಗಿ ಕೇಳಿಸುತ್ತಿದೆಯೇ, ಅಂದು ಗಮನವಿತ್ತೇ ಎಂಬುದರಿಂದಲೇ ವಿಚಾರಣೆ ಆರಂಭವಾಗಬೇಕು.

ಇನ್ನೊಂದು ಪ್ರಶ್ನೆಯನ್ನೂ ನೀವು ಕೇಳಲೇಬೇಕು: ಅಂಕಿಗಳನ್ನು ಯಾವ ಭಾಷೆಯಲ್ಲಿ ಓದಿದರು? ಇದು ಸಣ್ಣ ವಿಷಯವಲ್ಲ. 1975ರಲ್ಲಿ ಆಲನ್ ಬ್ಯಾಡ್ಲಿ ಮತ್ತು ಸಂಗಡಿಗರು, ಒಬ್ಬ ವ್ಯಕ್ತಿ ಸುಮಾರು ಎರಡು ಸೆಕೆಂಡುಗಳಲ್ಲಿ ಎಷ್ಟು ಪದಗಳನ್ನು ಉಚ್ಚರಿಸಬಲ್ಲನೋ ಸರಿಸುಮಾರು ಅಷ್ಟನ್ನೇ ಕ್ರಮವಾಗಿ ನೆನಪಿಟ್ಟುಕೊಳ್ಳುತ್ತಾನೆ ಎಂದು ತೋರಿಸಿದರು. ಮನಸ್ಸಿನೊಳಗೆ ಪದಗಳನ್ನು ಗುನುಗಿಕೊಳ್ಳುತ್ತಲೇ ಅವುಗಳನ್ನು ಅಳಿಯದಂತೆ ಉಳಿಸಿಕೊಳ್ಳುವುದರಿಂದ, ಪದ ಉದ್ದವಾದಷ್ಟೂ ಒಂದು ಸುತ್ತಿನಲ್ಲಿ ಹಿಡಿಯುವ ಪದಗಳು ಕಡಿಮೆಯಾಗುತ್ತವೆ. 1980ರಲ್ಲಿ ಎಲ್ಲಿಸ್ ಮತ್ತು ಹೆನೆಲಿ ಎಂಬ ಸಂಶೋಧಕರು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ, ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರನ್ನು ಪರೀಕ್ಷಿಸಿದರು. ವೆಲ್ಷ್ ಅಂಕಿಗಳನ್ನು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಬೇಕು. ಅದೇ ಜನರ ಅಂಕಿವ್ಯಾಪ್ತಿ ವೆಲ್ಷ್‌ನಲ್ಲಿ ಕಡಿಮೆ ಬಂತು. ಮನಸ್ಸಿನಲ್ಲಿ ಗುನುಗಿಕೊಳ್ಳದಂತೆ ಬೇರೇನನ್ನೋ ಉಚ್ಚರಿಸುತ್ತಿರಲು ಹೇಳಿದಾಗ ಆ ವ್ಯತ್ಯಾಸವೂ ಇಲ್ಲವಾಯಿತು. ಅಂದರೆ ವೆಲ್ಷ್ ಭಾಷೆಯಲ್ಲಿ ಪರೀಕ್ಷೆಗೆ ಕುಳಿತ ಮಗುವಿನ ಅಂಕವನ್ನು ಇಂಗ್ಲಿಷ್ ಮಕ್ಕಳ ಸರಾಸರಿಯೊಡನೆ ಹೋಲಿಸಿದರೆ ಮಗುವಿಗೆ ಅನ್ಯಾಯವಾಗುತ್ತದೆ.

ಕನ್ನಡಕ್ಕೆ ಇದನ್ನು ಅನ್ವಯಿಸಿ ನೋಡಿ. ಒಂದರಿಂದ ಒಂಬತ್ತರವರೆಗೆ ಬರಹದ ಕನ್ನಡದಲ್ಲಿ ಎಣಿಸಿದರೆ ಇಪ್ಪತ್ತು ಅಕ್ಷರಗಳನ್ನು ಉಚ್ಚರಿಸಬೇಕು: ಎರಡು ಮತ್ತು ಒಂಬತ್ತಕ್ಕೆ ಮೂರು ಮೂರು, ಉಳಿದವಕ್ಕೆಲ್ಲ ಎರಡೆರಡು. ಇಂಗ್ಲಿಷಿನಲ್ಲಿ 'ಸೆವೆನ್' ಒಂದನ್ನು ಬಿಟ್ಟರೆ ಉಳಿದೆಲ್ಲ ಅಂಕಿಗಳೂ ಒಂದೇ ಉಸಿರಿನ ತುಂಡುಗಳು, ಒಟ್ಟು ಹತ್ತು. ಮಾತಿನಲ್ಲಿ ನಾವು ಮೂರ್, ನಾಕ್, ಐದ್, ಆರ್ ಎಂದು ಕೊನೆಯ ಉಕಾರವನ್ನು ಬಿಡುವುದರಿಂದ ಅಂತರ ಇಷ್ಟೇ ಉಳಿಯುವುದಿಲ್ಲ, ಆದರೂ ಇಲ್ಲವಾಗುವುದಿಲ್ಲ. ಹಾಗೆಂದು ಇಂಗ್ಲಿಷಿನಲ್ಲಿಯೇ ಕೇಳಬೇಕಿತ್ತು ಎಂದೂ ನಾನು ಹೇಳಲಾರೆ. ಮನೆಯಲ್ಲಿ ಕನ್ನಡದಲ್ಲಿ ಎಣಿಸುವ ಮಗುವಿಗೆ ಇಂಗ್ಲಿಷ್ ಅಂಕಿಗಳು ಗಿಡ್ಡವಾದರೂ ಅಷ್ಟು ಪಳಗಿರುವುದಿಲ್ಲ. ಪಳಗದ ಪದವನ್ನು ಗುನುಗುವುದು ನಿಧಾನ. ನ್ಯಾಯವಾದ ಕ್ರಮವೆಂದರೆ ಮಗುವಿಗೆ ಯಾವ ಭಾಷೆಯಲ್ಲಿ ಎಣಿಕೆ ಸರಾಗವೋ ಆ ಭಾಷೆಯಲ್ಲಿ ಕೇಳಿ, ಅದೇ ಭಾಷೆಯಲ್ಲಿ ಪರೀಕ್ಷೆಗೆ ಒಳಗಾದ ಅದೇ ವಯಸ್ಸಿನ ಮಕ್ಕಳ ಸರಾಸರಿಯೊಡನೆ ಹೋಲಿಸುವುದು.

ಬುದ್ಧಿ ಕಡಿಮೆಯೇ ಎಂದು ಕೇಳಿದ್ದೀರಿ. ಒಂದು ದಿನದ ಅಂಕಿವ್ಯಾಪ್ತಿಯಿಂದ ಆ ಮಾತನ್ನು ಹೇಳಲು ಬರುವುದಿಲ್ಲ, ಯಾವ ಪ್ರಾಮಾಣಿಕ ಮನಶ್ಶಾಸ್ತ್ರಜ್ಞರೂ ಹೇಳುವುದಿಲ್ಲ. ಆದರೆ ವರದಿಯನ್ನು ತಳ್ಳಿಹಾಕಲೂ ಬೇಡಿ. ಉಕ್ತಲೇಖನ, ಎರಡು ಕೆಲಸಗಳ ಆಜ್ಞೆ, ಪರೀಕ್ಷೆಯ ಅಂಕ ಮೂರೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿವೆ. ವಾಕ್ಯವನ್ನು ಮೂರು ಮೂರು ಪದಗಳಾಗಿ ಒಡೆದು ಹೇಳುವಂತೆ ಟೀಚರನ್ನು ಕೇಳಿಕೊಳ್ಳಿ. ಮನೆಯಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಹೋಗುವ ಮೊದಲು ಅದನ್ನು ಅವನ ಬಾಯಿಂದಲೇ ಒಮ್ಮೆ ಹೇಳಿಸಿ. ಅವನು ಬೇಕೆಂದೇ ಮರೆಯುತ್ತಿಲ್ಲ ಎಂಬುದು ನಿಮಗೂ ಶಾಲೆಗೂ ತಿಳಿದರೆ ಅವನ ದಿನದ ಅರ್ಧ ಬೈಗುಳ ತಪ್ಪುತ್ತದೆ.

ಪ್ರಶ್ನೆ: ನಾನು ಮನಶ್ಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಕಿರುಪ್ರಬಂಧಕ್ಕಾಗಿ ಕನ್ನಡ ಮಾಧ್ಯಮದ ಕಾಲೇಜು ವಿದ್ಯಾರ್ಥಿಗಳ ಕಾರ್ಯಸ್ಮೃತಿಯನ್ನು ಅಳೆಯಬೇಕೆಂದಿದ್ದೇನೆ. ಅಂಕಿವ್ಯಾಪ್ತಿ ಸಾಲದು ಎಂದು ಮಾರ್ಗದರ್ಶಕರು ಹೇಳಿದರು. ಸಂಶೋಧಕರು ಬಳಸುವ ಪರೀಕ್ಷೆಗಳು ಯಾವುವು, ಯಾವುದನ್ನು ಆರಿಸಿಕೊಳ್ಳಲಿ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಮಾರ್ಗದರ್ಶಕರ ಮಾತು ಸರಿ. 1974ರಲ್ಲಿ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್, ಅಲ್ಪಕಾಲದ ನೆನಪು ಬರೀ ಒಂದು ಡಬ್ಬಿಯಲ್ಲ, ಮಾತನ್ನು ಗುನುಗಿ ಉಳಿಸುವ ಒಂದು ಭಾಗ, ಕಂಡದ್ದನ್ನು ಉಳಿಸುವ ಇನ್ನೊಂದು ಭಾಗ, ಇವೆರಡನ್ನೂ ನಡೆಸುವ ಒಂದು ಕೇಂದ್ರ ಎಂಬ ಚಿತ್ರವನ್ನು ಕೊಟ್ಟ ಮೇಲೆ, ಬರೀ ಹಿಡಿದಿಡುವುದನ್ನು ಅಳೆದರೆ ಸಾಲದು ಎಂಬ ಅರಿವು ಬೆಳೆಯಿತು. ಅದನ್ನು ಪರೀಕ್ಷೆಯ ರೂಪಕ್ಕೆ ತಂದವರು ಮೆರೆಡಿತ್ ಡೇನ್‌ಮನ್ ಮತ್ತು ಪೆಟ್ರೀಷಿಯಾ ಕಾರ್ಪೆಂಟರ್. 1980ರಲ್ಲಿ ಅವರು ಪ್ರಕಟಿಸಿದ ವಾಚನವ್ಯಾಪ್ತಿ ಪರೀಕ್ಷೆಯಲ್ಲಿ ವಿದ್ಯಾರ್ಥಿಯು ಒಂದರ ಹಿಂದೆ ಒಂದು ವಾಕ್ಯಗಳನ್ನು ಗಟ್ಟಿಯಾಗಿ ಓದುತ್ತಾ ಪ್ರತಿ ವಾಕ್ಯದ ಕೊನೆಯ ಪದವನ್ನು ನೆನಪಿಟ್ಟುಕೊಳ್ಳಬೇಕು; ಎರಡು ವಾಕ್ಯಗಳಿಂದ ಆರಂಭಿಸಿ ಆರರವರೆಗೆ ಏರಿಸುತ್ತಾರೆ. ಕಾಲೇಜು ವಿದ್ಯಾರ್ಥಿಗಳಲ್ಲಿಯೂ ಈ ವ್ಯಾಪ್ತಿ ಎರಡರಿಂದ ಐದರ ನಡುವೆಯೇ ಇತ್ತು. ಏಳು ಅಂಕಿಗಳನ್ನು ಸಲೀಸಾಗಿ ಹೇಳುವವರು ಇಲ್ಲಿ ಮೂರು ಪದಗಳಿಗೆ ತಡವರಿಸುವುದನ್ನು ನೋಡಿದಾಗ, ಓದಿ ಅರ್ಥಮಾಡಿಕೊಳ್ಳುವ ಕೆಲಸ ಹಿಡಿದಿಡುವ ಶಕ್ತಿಯಿಂದ ಎಷ್ಟನ್ನು ಕಿತ್ತುಕೊಳ್ಳುತ್ತದೆ ಎಂಬುದು ಮನದಟ್ಟಾಗುತ್ತದೆ. ಈ ಅಂಕವು ಗದ್ಯವನ್ನು ಗ್ರಹಿಸುವ ಸಾಮರ್ಥ್ಯದೊಡನೆ, ಅಂಕಿವ್ಯಾಪ್ತಿಯಂಥ ಸರಳ ಅಳತೆಗಳಿಗಿಂತ ಬಹಳ ಹೆಚ್ಚು ಹೊಂದಿಕೆಯಾಯಿತು.

ಕನ್ನಡದಲ್ಲಿ ಈ ಪರೀಕ್ಷೆಯನ್ನು ಮಾಡುವವರು ಒಂದು ತೊಡಕನ್ನು ಮೊದಲೇ ಬಿಡಿಸಿಕೊಳ್ಳಬೇಕು. ನಮ್ಮ ವಾಕ್ಯದ ಕೊನೆಯಲ್ಲಿ ಬರುವುದು ಸಾಮಾನ್ಯವಾಗಿ ಕ್ರಿಯಾಪದ. ಇಂಗ್ಲಿಷ್ ಪರೀಕ್ಷೆಯನ್ನು ಇದ್ದಂತೆಯೇ ತಂದರೆ ವಿದ್ಯಾರ್ಥಿ ನೆನಪಿಟ್ಟುಕೊಳ್ಳಬೇಕಾದದ್ದು ಬಂದನು, ತಂದನು, ನಿಂತನು, ಕೊಂದನು ಎಂಬ ಒಂದೇ ಅಚ್ಚಿನ ಪದಗಳಾಗುತ್ತವೆ. ಒಂದರಂತೆ ಒಂದು ಕೇಳಿಸುವ ಪದಗಳ ಸರಣಿಯನ್ನು ಕ್ರಮವಾಗಿ ನೆನಪಿಡುವುದು ಬಹಳ ಕಷ್ಟ ಎಂಬುದು 1960ರ ದಶಕದ ಪ್ರಯೋಗಗಳಿಂದಲೇ ಖಚಿತವಾಗಿದೆ. ಹೀಗಾದಾಗ ನೀವು ಅಳೆಯುವುದು ವಿದ್ಯಾರ್ಥಿಯ ಸಾಮರ್ಥ್ಯದ ಜೊತೆಗೆ ಕನ್ನಡದ ಕ್ರಿಯಾಪದದ ಪ್ರತ್ಯಯವನ್ನೂ. ಜಪಾನಿ ಭಾಷೆಯಲ್ಲಿಯೂ ಕ್ರಿಯಾಪದವೇ ಕೊನೆಗೆ ಬರುವುದರಿಂದ, ಅಲ್ಲಿಯ ಸಂಶೋಧಕರು ವಾಕ್ಯದ ನಡುವಿನ ಒಂದು ಪದಕ್ಕೆ ಅಡಿಗೆರೆ ಎಳೆದು ಅದನ್ನು ನೆನಪಿಡುವಂತೆ ಪರೀಕ್ಷೆಯನ್ನು ಬದಲಿಸಿಕೊಂಡರು. ನೀವೂ ಆ ದಾರಿಯನ್ನೇ ಹಿಡಿಯಿರಿ. ಅಡಿಗೆರೆಯ ಪದಗಳು ಎರಡು ಮೂರು ಅಕ್ಷರಗಳ ನಾಮಪದಗಳಾಗಿರಲಿ, ವಿಭಕ್ತಿ ಪ್ರತ್ಯಯ ಹತ್ತದಂತೆ ಇರಲಿ, ಒಂದೇ ಗುಂಪಿನಲ್ಲಿ ಪ್ರಾಸವಾಗುವ ಪದಗಳು ಬಾರದಿರಲಿ.

ಓದಿನ ಶಕ್ತಿಯೇ ಅಂಕದಲ್ಲಿ ಬೆರೆತುಹೋಗುತ್ತದೆಯಲ್ಲ ಎಂಬ ಆಕ್ಷೇಪಣೆ ಬಂದಾಗ 1989ರಲ್ಲಿ ಮ್ಯಾರಿಲಿನ್ ಟರ್ನರ್ ಮತ್ತು ರ‍್ಯಾಂಡಲ್ ಎಂಗಲ್ ವಾಕ್ಯದ ಜಾಗದಲ್ಲಿ ಲೆಕ್ಕವನ್ನು ಇಟ್ಟರು. ಮೂರನ್ನು ಎರಡರಿಂದ ಗುಣಿಸಿ ಒಂದನ್ನು ಕಳೆದರೆ ಐದು ಬರುತ್ತದೆಯೇ ಎಂಬಂಥ ಪ್ರಶ್ನೆಗೆ ಸರಿ ಅಥವಾ ತಪ್ಪು ಎಂದು ಹೇಳಿದ ಮೇಲೆ ಒಂದು ಪದ ಕಾಣಿಸುತ್ತದೆ. ಮತ್ತೆ ಲೆಕ್ಕ, ಮತ್ತೆ ಪದ. ಕೊನೆಯಲ್ಲಿ ಪದಗಳನ್ನೆಲ್ಲ ಕ್ರಮವಾಗಿ ಹೇಳಬೇಕು. ಲೆಕ್ಕದಲ್ಲಿಯೂ ಅಂಕ ಓದಿನ ಗ್ರಹಿಕೆಯನ್ನು ಚೆನ್ನಾಗಿಯೇ ಮುನ್ಸೂಚಿಸಿತು. ಹೀಗಾಗಿ ಇಲ್ಲಿ ಅಳೆಯಲ್ಪಡುತ್ತಿರುವುದು ಓದಿಗೋ ಲೆಕ್ಕಕ್ಕೋ ಸೀಮಿತವಾದ ಕೌಶಲವಲ್ಲ, ಅಡ್ಡಿಯ ನಡುವೆಯೂ ಬೇಕಾದುದನ್ನು ಬಿಡದೆ ಹಿಡಿಯುವ ಸಾಮಾನ್ಯ ಶಕ್ತಿ ಎಂಬ ವಾದಕ್ಕೆ ಬಲ ಬಂತು. ನನ್ನ ಅಭಿಪ್ರಾಯದಲ್ಲಿ ಇಡೀ ಕ್ಷೇತ್ರದ ಅತ್ಯಂತ ಫಲವತ್ತಾದ ಹೆಜ್ಜೆ ಇದು.

2005ರಲ್ಲಿ ನ್ಯಾಶ್ ಅನ್ಸ್‌ವರ್ತ್ ಮತ್ತು ಎಂಗಲ್ ಮುಂತಾದವರು ಇದನ್ನು ಕಂಪ್ಯೂಟರಿಗೆ ತಂದರು. ಪದಗಳ ಬದಲು ಅಕ್ಷರಗಳು. ಒಂದು ಸರಣಿಯಲ್ಲಿ ಮೂರರಿಂದ ಏಳು. ಪ್ರತಿ ಉದ್ದವೂ ಮೂರು ಸಲ. ಒಟ್ಟು 75 ಅಕ್ಷರಗಳು. ಇದರಲ್ಲಿ ಎರಡು ಕಾವಲುಗಳಿವೆ. ಯಾರಾದರೂ ಲೆಕ್ಕವನ್ನು ಅಲಕ್ಷಿಸಿ ಅಕ್ಷರಗಳನ್ನೇ ಗುನುಗುತ್ತಾ ಕೂತರೆ ಅಂಕ ಸುಳ್ಳಾಗುವುದರಿಂದ, ಲೆಕ್ಕಗಳಲ್ಲಿ ಕನಿಷ್ಠ ಶೇ. 85 ಸರಿಯಿರಬೇಕು. ಬೇಗ ಲೆಕ್ಕ ಮಾಡಿ ಮಿಕ್ಕ ಹೊತ್ತಿನಲ್ಲಿ ಗುನುಗುವವರನ್ನು ತಡೆಯಲು, ಅಭ್ಯಾಸದ ಸುತ್ತಿನಲ್ಲಿ ಪ್ರತಿಯೊಬ್ಬರ ವೇಗವನ್ನು ಅಳೆದು ಅದಕ್ಕೆ ತಕ್ಕ ಕಾಲಮಿತಿಯನ್ನು ಅವರವರಿಗೇ ಹಾಕಲಾಗುತ್ತದೆ.

ಅಂಕ ಕೊಡುವ ಬಗೆಯಲ್ಲಿಯೂ ಎಚ್ಚರ ಬೇಕು. ಪೂರ್ತಿ ಸರಿಯಾದ ಸರಣಿಗೆ ಮಾತ್ರ ಅಂಕ ಕೊಡುವುದು ಹಳೆಯ ಪದ್ಧತಿ. ಅದರಲ್ಲಿ ಆರರಲ್ಲಿ ಐದನ್ನು ಸರಿಯಾಗಿ ಹೇಳಿದವರೂ ಒಂದನ್ನೂ ಹೇಳದವರೂ ಸಮವಾಗಿಬಿಡುತ್ತಾರೆ. ಸರಿಯಾದ ಜಾಗದಲ್ಲಿ ನೆನಪಿಟ್ಟ ಪ್ರತಿಯೊಂದಕ್ಕೂ ಅಂಕ ಕೊಡುವ ಪದ್ಧತಿಯೇ ಈಗ ಹೆಚ್ಚು ಮಾನ್ಯವಾಗಿದೆ, ಅದನ್ನೇ ಬಳಸಿ. 'ಹೆಚ್ಚಿನವರು' ಮತ್ತು 'ಕಡಿಮೆಯವರು' ಎಂದು ವಿದ್ಯಾರ್ಥಿಗಳನ್ನು ನಡುವೆ ಸೀಳಿ ಎರಡು ಗುಂಪು ಮಾಡಬೇಡಿ. ಅಳತೆಯಿಂದ ಸಿಕ್ಕ ಸೂಕ್ಷ್ಮವನ್ನು ನಾವೇ ಕೈಯಾರೆ ಚೆಲ್ಲಿದಂತಾಗುತ್ತದೆ.

ಕಣ್ಣಿನ ನೆನಪಿಗೆ ಬೇರೆ ದಾರಿಗಳಿವೆ. ಹಲಗೆಯ ಮೇಲಿನ ಒಂಬತ್ತು ಘನಗಳನ್ನು ಪರೀಕ್ಷಕರು ಮುಟ್ಟಿದ ಕ್ರಮದಲ್ಲಿಯೇ ಮುಟ್ಟಿ ತೋರಿಸುವ ಕೊರ್ಸಿ ಪರೀಕ್ಷೆ 1970ರ ದಶಕದ ಆರಂಭದಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಿಂದ ಬಂತು. ಭಾಷೆಯ ಹಂಗಿಲ್ಲದಿರುವುದು ಅದರ ಗುಣ. 1997ರಲ್ಲಿ ಸ್ಟೀವನ್ ಲಕ್ ಮತ್ತು ಎಡ್ವರ್ಡ್ ವೋಗಲ್ ಬಣ್ಣದ ಚೌಕಗಳನ್ನು ಕ್ಷಣಕಾಲ ತೋರಿಸಿ, ಮರೆಮಾಡಿ, ಮತ್ತೆ ತೋರಿಸಿ ಬಣ್ಣ ಬದಲಾಯಿತೇ ಎಂದು ಕೇಳುವ ಕ್ರಮವನ್ನು ಪ್ರಸಿದ್ಧಗೊಳಿಸಿದರು. ಇದರಲ್ಲಿ ಊಹೆಯಿಂದ ಬಂದ ಸರಿಯುತ್ತರವನ್ನು ತೆಗೆದುಹಾಕುವ ಸರಳ ಲೆಕ್ಕವೊಂದನ್ನು ನೆಲ್ಸನ್ ಕೋವನ್ ಕೊಟ್ಟಿದ್ದಾರೆ. ಬದಲಾದಾಗ ಬದಲಾಯಿತು ಎಂದ ಪ್ರಮಾಣದಿಂದ, ಬದಲಾಗದಿದ್ದಾಗಲೂ ಬದಲಾಯಿತು ಎಂದ ಪ್ರಮಾಣವನ್ನು ಕಳೆದು, ಉಳಿದದ್ದನ್ನು ಚೌಕಗಳ ಸಂಖ್ಯೆಯಿಂದ ಗುಣಿಸಬೇಕು. ಆರು ಚೌಕಗಳಿದ್ದು ಮೊದಲನೆಯದು ಶೇ. 80, ಎರಡನೆಯದು ಶೇ. 20 ಆಗಿದ್ದರೆ, ಆರನ್ನು 0.6ರಿಂದ ಗುಣಿಸಿದಾಗ ಬರುವ 3.6 ಆ ವ್ಯಕ್ತಿಯ ದೃಶ್ಯವ್ಯಾಪ್ತಿ.

ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವ 'ಎನ್-ಬ್ಯಾಕ್' ಪರೀಕ್ಷೆಯನ್ನು 1958ರಲ್ಲಿ ವೇಯ್ನ್ ಕಿರ್ಚ್ನರ್ ರೂಪಿಸಿದರು. ಒಂದೊಂದಾಗಿ ಬರುವ ಅಕ್ಷರಗಳಲ್ಲಿ ಈಗಿನದು ಎರಡು ಹೆಜ್ಜೆ ಹಿಂದಿನದೇ ಆಗಿದ್ದರೆ ಗುರುತಿಸಬೇಕು: ಕ, ಮ, ಕ ಎಂದರೆ ಹೌದು, ಕ, ಮ, ತ ಎಂದರೆ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ನರಮನಶ್ಶಾಸ್ತ್ರೀಯ ಪರೀಕ್ಷಾಮಾಲೆಯಲ್ಲಿ ಇದಕ್ಕಾಗಿ ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ವ್ಯಂಜನಗಳನ್ನೇ ಆರಿಸಿಕೊಂಡಿದ್ದಾರೆ, ವಯಸ್ಸು ಮತ್ತು ಓದಿಗೆ ತಕ್ಕಂತೆ ಬೇರೆಬೇರೆ ಸರಾಸರಿಗಳನ್ನೂ ಕೊಟ್ಟಿದ್ದಾರೆ. ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೂ ಅಲ್ಲಿ ಸ್ವಂತ ಸರಾಸರಿಯಿದೆ. ನಿಮ್ಮ ಅಧ್ಯಯನಕ್ಕೆ ಇದು ಹತ್ತಿರದ, ಗೌರವಿಸಬೇಕಾದ ಆಧಾರ. ಒಂದು ವಿಷಯ ಮಾತ್ರ ನೆನಪಿರಲಿ: ಎನ್-ಬ್ಯಾಕ್‌ನಲ್ಲಿ ಮುಂದಿರುವವರು ಲೆಕ್ಕದ ಅಥವಾ ವಾಚನದ ವ್ಯಾಪ್ತಿಯಲ್ಲಿಯೂ ಮುಂದಿರುತ್ತಾರೆ ಎಂದೇನಿಲ್ಲ, ಇವುಗಳ ನಡುವಿನ ಸಂಬಂಧ ದುರ್ಬಲವೆಂದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಎರಡಕ್ಕೂ ಒಂದೇ ಹೆಸರಿಟ್ಟ ಮಾತ್ರಕ್ಕೆ ಎರಡೂ ಒಂದೇ ಆಗುವುದಿಲ್ಲ.

ಆದ್ದರಿಂದ ಯಾವುದನ್ನು ಆರಿಸಲಿ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಒಂದನ್ನೇ ಆರಿಸಬೇಡಿ. ವಾಚನವ್ಯಾಪ್ತಿ, ಲೆಕ್ಕವ್ಯಾಪ್ತಿ ಮತ್ತು ಭಾಷೆ ಬೇಡದ ಒಂದು, ಹೀಗೆ ಮೂರನ್ನು ಮಾಡಿಸಿ. ವಾಚನವ್ಯಾಪ್ತಿಯಲ್ಲಿ ಓದಿನ ನೆರಳಿರುತ್ತದೆ, ಲೆಕ್ಕವ್ಯಾಪ್ತಿಯಲ್ಲಿ ಗಣಿತದ ಅಂಜಿಕೆಯ ನೆರಳಿರುತ್ತದೆ. ಮೂರರಲ್ಲಿಯೂ ಸಾಮಾನ್ಯವಾಗಿ ಕಾಣುವ ಅಂಶವೇ ನೀವು ಹುಡುಕುತ್ತಿರುವುದು. 1999ರಲ್ಲಿ ಎಂಗಲ್ ಮತ್ತು ಸಂಗಡಿಗರು ಹೀಗೆ ಹಲವು ಪರೀಕ್ಷೆಗಳ ಸಾಮಾನ್ಯಾಂಶವನ್ನು ತೆಗೆದು ನೋಡಿದಾಗಲೇ, ಬರೀ ಹಿಡಿದಿಡುವ ನೆನಪು ಮತ್ತು ಕಾರ್ಯಸ್ಮೃತಿ ಪರಸ್ಪರ ಸಂಬಂಧವಿದ್ದೂ ಬೇರೆಬೇರೆ ಎಂಬುದು ಸ್ಪಷ್ಟವಾದದ್ದು.

ಪ್ರಶ್ನೆ: ಮನುಷ್ಯನ ಮನಸ್ಸಿನಲ್ಲಿ ಒಂದು ಸಲಕ್ಕೆ ಏಳು ವಿಷಯ ಮಾತ್ರ ಹಿಡಿಯುತ್ತದೆ ಎಂದು ಓದಿದ್ದೆ. ಆದರೆ ಹತ್ತು ಅಂಕಿಯ ಮೊಬೈಲ್ ಸಂಖ್ಯೆಗಳನ್ನು ನಾವು ನೆನಪಿಡುತ್ತೇವೆ. ಅವಧಾನಿಗಳು ಎಂಟು ಜನರ ಪ್ರಶ್ನೆಗಳನ್ನು ಒಟ್ಟಿಗೆ ನಿಭಾಯಿಸುತ್ತಾರೆ. ಏಳರ ಲೆಕ್ಕ ಸುಳ್ಳೇ?
— ನಿವೃತ್ತ ಬ್ಯಾಂಕ್ ನೌಕರರು, ಉಡುಪಿ

ಉತ್ತರ: ಏಳರ ಮಾತು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಬಂಧದಿಂದ ಬಂದದ್ದು. ಬೇರೆಬೇರೆ ಬಗೆಯ ಪ್ರಯೋಗಗಳಲ್ಲಿ ಏಳರ ಆಸುಪಾಸಿನ ಸಂಖ್ಯೆ ಮತ್ತೆ ಮತ್ತೆ ಬರುವುದನ್ನು ಅವರು ಎತ್ತಿ ತೋರಿಸಿದರು, ಆದರೆ ಅದು ಬರೀ ಕಾಕತಾಳೀಯವಿರಬಹುದೆಂಬ ಸಂಶಯವನ್ನೂ ಅಲ್ಲಿಯೇ ಹೇಳಿದ್ದಾರೆ. ಆ ಪ್ರಬಂಧದ ನಿಜವಾದ ತಿರುಳು ಗುಂಪುಗೂಡಿಸುವಿಕೆ. 1, 9, 5, 6 ಎಂಬ ನಾಲ್ಕು ಅಂಕಿಗಳು ಏಕೀಕರಣದ ವರ್ಷವೆಂದು ತಿಳಿದ ಕನ್ನಡಿಗರಿಗೆ ಒಂದೇ ಗುಂಪು. 98450 ಎಂಬುದನ್ನು ಬಹಳ ವರ್ಷ ಕೇಳಿದ ಬೆಂಗಳೂರಿನವರು ಐದು ಅಂಕಿಗಳಾಗಿ ಹಿಡಿಯುವುದಿಲ್ಲ, ಒಂದು ಪದದಂತೆ ಹಿಡಿಯುತ್ತಾರೆ. ಅವರಿಗೆ ಉಳಿಯುವ ಹೊರೆ ಮುಂದಿನ ಐದು ಮಾತ್ರ. ಗುಂಪು ಮಾಡಲು, ಗುನುಗಲು ಅವಕಾಶ ಸಿಗದಂತೆ ಪರೀಕ್ಷಿಸಿದಾಗ ವ್ಯಾಪ್ತಿ ಸುಮಾರು ನಾಲ್ಕಕ್ಕೆ ಇಳಿಯುತ್ತದೆ ಎಂದು ಕೋವನ್ 2001ರಲ್ಲಿ ವಾದಿಸಿದರು. ಮೇಲಿನ ಉತ್ತರದಲ್ಲಿ ಹೇಳಿದ ಬಣ್ಣದ ಚೌಕಗಳಲ್ಲಿಯೂ ಮೂರು ನಾಲ್ಕೇ ಬರುತ್ತದೆ.

ಗುಂಪುಗೂಡಿಸುವಿಕೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಒಂದು ಪ್ರಯೋಗವಿದೆ. ಆಂಡರ್ಸ್ ಎರಿಕ್ಸನ್, ವಿಲಿಯಂ ಚೇಸ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದಂತೆ, ಏಳು ಅಂಕಿಗಳಿಂದ ಆರಂಭಿಸಿದ ಅಮೆರಿಕದ ಒಬ್ಬ ಕಾಲೇಜು ವಿದ್ಯಾರ್ಥಿ ಸುಮಾರು 230 ಗಂಟೆಗಳ ಅಭ್ಯಾಸದ ನಂತರ 79 ಅಂಕಿಗಳನ್ನು ಕೇಳಿ ಹೇಳುತ್ತಿದ್ದ. ಅವನು ದೂರದ ಓಟಗಾರ. ಮೂರು ನಾಲ್ಕು ಅಂಕಿಗಳನ್ನು ಓಟದ ಸಮಯಗಳಾಗಿ ಓದಿಕೊಳ್ಳುತ್ತಿದ್ದ. ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟಾಗ ಅವನ ವ್ಯಾಪ್ತಿ ಮತ್ತೆ ಆರರ ಆಸುಪಾಸಿಗೆ ಇಳಿಯಿತು. ಅಂಕಿವ್ಯಾಪ್ತಿ ಹತ್ತು ಪಟ್ಟು ಹೆಚ್ಚಿದರೂ ಅದರ ಹಿಂದಿನ ಸಾಮರ್ಥ್ಯ ಬದಲಾಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಕಾಣದು.

ಅವಧಾನದ ವಿಷಯವನ್ನು ನೀವು ಎತ್ತಿದ್ದು ನನಗೆ ತುಂಬ ಸಂತೋಷ ತಂದಿತು. ಅಷ್ಟಾವಧಾನದಲ್ಲಿ ಅವಧಾನಿಯು ಒಬ್ಬ ಪೃಚ್ಛಕರಿಗೆ ಪದ್ಯದ ಒಂದು ಪಾದವನ್ನು ಹೇಳಿ ಇನ್ನೊಬ್ಬರ ಕಡೆಗೆ ತಿರುಗಬೇಕು. ಸುತ್ತು ಮುಗಿದು ಮತ್ತೆ ಮೊದಲಿನವರ ಬಳಿಗೆ ಬಂದಾಗ ಬಿಟ್ಟ ಪಾದದಿಂದ ಮುಂದುವರಿಸಬೇಕು. ನಡುವೆ ಅಪ್ರಸ್ತುತಪ್ರಸಂಗಿ ಸಂಬಂಧವಿಲ್ಲದ ಮಾತಿಗೆ ಎಳೆಯುತ್ತಿರುತ್ತಾರೆ, ಗಂಟೆಯ ಸದ್ದುಗಳನ್ನು ಎಣಿಸುತ್ತಿರಬೇಕಾಗುವುದೂ ಉಂಟು. ಕೊನೆಯಲ್ಲಿ ಎಲ್ಲ ಪದ್ಯಗಳನ್ನೂ ಧಾರಣೆಯಿಂದ ಒಪ್ಪಿಸಬೇಕು. ಹಿಡಿದುಕೊಂಡೇ ಕೆಲಸ ಮಾಡಿಸುವುದು, ನಡುವೆ ಬೇಕೆಂದೇ ಅಡ್ಡಿಪಡಿಸುವುದು: ಟರ್ನರ್ ಮತ್ತು ಎಂಗಲ್ ಲೆಕ್ಕಗಳಿಂದ ಮಾಡಿಸಿದ ಕೆಲಸವನ್ನು ಇಲ್ಲಿ ಅಪ್ರಸ್ತುತಪ್ರಸಂಗಿ ಮಾಡುತ್ತಾರೆ. ಆದರೆ ಅವಧಾನಿಯ ಮನಸ್ಸಿನಲ್ಲಿ ಬಿಡಿ ಅಕ್ಷರಗಳಿರುವುದಿಲ್ಲ. ವೃತ್ತದ ಗಣವಿನ್ಯಾಸ ಗೊತ್ತಿದೆ, ಕನ್ನಡ ಪದ್ಯವಾದರೆ ಆದಿಪ್ರಾಸದಿಂದ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಮೊದಲೇ ನಿಶ್ಚಿತವಾಗಿದೆ, ಅರ್ಥದ ಎಳೆ ತನ್ನದೇ ಆಗಿದೆ. ದಶಕಗಳ ವ್ಯಾಸಂಗದಿಂದ ಬಂದ ಈ ಚೌಕಟ್ಟುಗಳಿಗೆ ಹೊಸ ಪದ್ಯವನ್ನು ತಗುಲಿಸಿಟ್ಟು ಬೇಕೆಂದಾಗ ತೆಗೆಯುವುದನ್ನು ಎರಿಕ್ಸನ್ ಮತ್ತು ವಾಲ್ಟರ್ ಕಿಂಚ್ 1995ರಲ್ಲಿ 'ದೀರ್ಘಕಾಲಿಕ ಕಾರ್ಯಸ್ಮೃತಿ' ಎಂದು ಕರೆದರು. ಅವರ ಉದಾಹರಣೆಗಳು ಚದುರಂಗದವು, ಓದಿನವು; ಅವಧಾನಕ್ಕೂ ಆ ವಿವರಣೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಕಾರ್ಯಸ್ಮೃತಿಯನ್ನು ಹೆಚ್ಚಿಸುತ್ತದೆ ಎಂದು ಜಾಹೀರಾತು ಮಾಡುವ ಒಂದು ಮೊಬೈಲ್ ಆಟಕ್ಕೆ ಮಗಳಿಗಾಗಿ ವರ್ಷದ ಚಂದಾ ಕಟ್ಟಬೇಕೆಂದಿದ್ದೇನೆ. ವಾರದಿಂದ ವಾರಕ್ಕೆ ಅಂಕ ಏರುವುದನ್ನು ಅವರು ತೋರಿಸುತ್ತಾರೆ. ನಂಬಬಹುದೇ?
— ಒಬ್ಬ ತಂದೆ, ಮೈಸೂರು

ಉತ್ತರ: ಅಂಕ ಏರುವುದು ನಿಜವಿರುತ್ತದೆ. ಆದರೆ ಅದೇ ಆಟವನ್ನು ದಿನವೂ ಆಡಿದರೆ ಆ ಆಟದಲ್ಲಿ ಪಳಗುವುದು ಸಹಜ. ಮೇಲೆ ಹೇಳಿದ ಓಟಗಾರನ ವಿಷಯದಲ್ಲಿ ಆದದ್ದೂ ಅದೇ. 2008ರಲ್ಲಿ ಸುಸಾನ್ ಯೆಗ್ಗಿ ಮತ್ತು ಸಂಗಡಿಗರು, ಕಠಿಣವಾದ ಎನ್-ಬ್ಯಾಕ್ ಅಭ್ಯಾಸದಿಂದ ಹೊಸ ಸಮಸ್ಯೆಗಳನ್ನು ಬಿಡಿಸುವ ಬುದ್ಧಿಯೂ ಹೆಚ್ಚಿತೆಂದು ವರದಿ ಮಾಡಿದಾಗ ಬಹಳ ಆಸೆ ಹುಟ್ಟಿತು. 2013ರಲ್ಲಿ ಥಾಮಸ್ ರೆಡಿಕ್ ಮತ್ತು ಸಂಗಡಿಗರು, ಅಷ್ಟೇ ಶ್ರದ್ಧೆಯಿಂದ ಬೇರೆ ಅಭ್ಯಾಸ ಮಾಡಿದ ಗುಂಪನ್ನೂ ಇಟ್ಟುಕೊಂಡು ಹೋಲಿಸಿದಾಗ ಆ ಲಾಭ ಕಾಣಲಿಲ್ಲ. ಅದೇ ವರ್ಷ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಮೆಲ್ಬಿ-ಲೆರ್ವೋಗ್ ಮತ್ತು ಹ್ಯೂಮ್ ಕೂಡ, ಅಭ್ಯಾಸದ ಫಲ ಓದಿಗೋ ಗಣಿತಕ್ಕೋ ದಾಟುತ್ತದೆ ಎನ್ನಲು ಆಧಾರ ಕಾಣಲಿಲ್ಲ ಎಂದರು. 2016ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಮೆದುಳಿನ ಆಟಗಳ ಲೂಮೋಸಿಟಿಯ ಜಾಹೀರಾತುಗಳಿಗೆ ತಕ್ಕ ಆಧಾರವಿಲ್ಲವೆಂದು ಹೂಡಿದ ದಾವೆ 20 ಲಕ್ಷ ಡಾಲರ್ ಪಾವತಿಯ ಒಪ್ಪಂದದಲ್ಲಿ ಮುಗಿಯಿತು.

ಮಗಳು ಆಟವನ್ನು ಇಷ್ಟಪಟ್ಟು ಆಡುವುದಾದರೆ ಆಡಲಿ. ಚಂದಾ ಕಟ್ಟುವ ಮೊದಲು ಮಾರುವವರನ್ನು ಒಂದು ಮಾತು ಕೇಳಿ: ನಿಮ್ಮ ಆಟದಲ್ಲಿ ಅಭ್ಯಾಸ ಮಾಡಿಸದೇ ಇದ್ದ ಬೇರೊಂದು ಪರೀಕ್ಷೆಯಲ್ಲಿ, ಅಷ್ಟೇ ಹೊತ್ತು ಬೇರೇನನ್ನೋ ಅಭ್ಯಾಸ ಮಾಡಿದ ಮಕ್ಕಳಿಗಿಂತ ನಿಮ್ಮ ಮಕ್ಕಳು ಎಷ್ಟು ಮುಂದಿದ್ದರು?